ಪರದೇಶಿಗಳ ಭಾನುವಾರ

ಎರಡು ತಿಂಗಳಾಯಿತು, ಎರಡು ಶಬ್ದ ನನ್ನ ತಲೆ ತಿನ್ನುತ್ತಿವೆ.

ಬೆಂಗಳೂರಿನ ಗೆಳೆಯನೊಬ್ಬ ನಾಲ್ಕು ವರ್ಷದಿಂದ ಒಂದು ಡಾಕ್ಯುಮೆಂಟರಿ ಮಾಡುತ್ತಿದ್ದಾನೆ. ಇನ್ನೂ ಮುಗಿದಿಲ್ಲ. ದುಡ್ಡಿದ್ದಾಗ ಇದರ ಶೂಟಿಂಗ್, ಇಲ್ಲದಾಗ ಮದುವೆ ವಿಡಿಯೊ. ವಿಷಯ 1940ರ ದಶಕದ ಬೊಂಬಾಯಿ. ಯಾರೂ ಕ್ಯಾರೆ ಅನ್ನದ ಒಂದಷ್ಟು ಚಿತ್ರಕಾರ ಹುಡುಗರು, ಹಿಟ್ಲರನ ದೆಸೆಯಿಂದ ಊರು ಬಿಟ್ಟು ಬಂದ ಒಂದಷ್ಟು ಜರ್ಮನರು, ಇವರೆಲ್ಲ ಒಂದೇ ಕೋಣೆಯಲ್ಲಿ ಸೇರಿದ ಕತೆ. ಇಂಗ್ಲಿಷ್ ನಿರೂಪಣೆ ರೆಡಿ ಇದೆ. ಕನ್ನಡದ್ದು ನೀನು ಬರೆದುಕೊಡು, ನೀನು ಮುಂಬೈಯವನೇ ಅಲ್ವಾ, ಅಂದ. ಹಗಲು ಬ್ಯಾಂಕಿನ ಕೆಲಸ, ರಾತ್ರಿ ಇದು. ದುಡ್ಡಿನ ಮಾತು ಇಬ್ಬರೂ ಎತ್ತಲಿಲ್ಲ.

ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದೆ. ಅವನ ಇಂಗ್ಲಿಷಿನಲ್ಲಿ ‘ಅಂಡರ್‌ಗ್ರೌಂಡ್ ಆರ್ಟಿಸ್ಟ್’ ಅಂತ ಇತ್ತು. ಯೋಚನೆ ಮಾಡದೆ ‘ಭೂಗತ ಕಲಾವಿದರು’ ಅಂತ ಬರೆದೆ. ಹೆಂಡತಿ ಹಿಂದಿನಿಂದ ಇಣುಕಿ ನೋಡಿ, ‘ಯಾವ ಗ್ಯಾಂಗ್ ಇವರದ್ದು? ಸುಪಾರಿ ತಗೊಳ್ತಿದ್ರಾ?’ ಅಂದಳು. ಅವಳ ತಪ್ಪಲ್ಲ. ಕನ್ನಡ ಪೇಪರಿನಲ್ಲಿ ಭೂಗತ ಅಂದಮೇಲೆ ಹಿಂದೆಯೇ ಪಾತಕಿ ಬರಲೇಬೇಕು, ಅದೂ ಮುಂಬೈ ಸುದ್ದಿಯಾದರೆ ಕೇಳುವುದೇ ಬೇಡ. ಆ ಸಾಲನ್ನು ಬಿಟ್ಟು ಮುಂದಿನದಕ್ಕೆ ಹೋದರೆ ಅಲ್ಲಿ ‘ಎಮಿಗ್ರಂಟ್’ ಕೂತಿದ್ದ. ವಲಸಿಗ ಅಂದರೆ ಕಟ್ಟಡ ಕೆಲಸಕ್ಕೆ ರಾಯಚೂರಿನಿಂದ ಬೆಂಗಳೂರಿಗೆ ಬಂದವರು ಕಣ್ಣಿಗೆ ಬರುತ್ತಾರೆ. ನಿರಾಶ್ರಿತ ಅಂದರೆ ಗಂಜಿ ಕೇಂದ್ರ. ಗಡಿಪಾರು ಅಂದರೆ ರೌಡಿ ಶೀಟರ್. ನನಗೆ ಗೊತ್ತಿರುವ ಮೇಷ್ಟ್ರೊಬ್ಬರು ‘ದೇಶಭ್ರಷ್ಟ’ ಅಂತ ಹಾಕು ಅಂದರು. ಭ್ರಷ್ಟ ಅಂತ ಕಿವಿಗೆ ಬಿದ್ದ ಕೂಡಲೇ ಜನ ಲೋಕಾಯುಕ್ತವನ್ನು ನೆನೆಸಿಕೊಳ್ಳುತ್ತಾರೆ ಸಾರ್, ಅಂದೆ. ಅವರು ನಗಲಿಲ್ಲ.

ಇದು ಬರೀ ಶಬ್ದದ ತಕರಾರು, ನಾಲ್ಕು ದಿನದಲ್ಲಿ ಸರಿಹೋಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಗೆಳೆಯ ಕಳಿಸಿದ ಎಪ್ಪತ್ತು ನಿಮಿಷದ ಕಚ್ಚಾ ಪ್ರತಿಯನ್ನು ಮತ್ತೆ ಮತ್ತೆ ನೋಡಿದ ಮೇಲೆ ಗೊತ್ತಾಯಿತು: ಶಬ್ದ ಸಿಗದಿದ್ದಕ್ಕೆ ಕಾರಣ ಕನ್ನಡವಲ್ಲ. ಯಾರು ಯಾರ ಮನೆಗೆ ಬಂದ ನೆಂಟ ಅನ್ನುವುದೇ ಆ ಸಿನಿಮಾದಲ್ಲಿ ಇತ್ಯರ್ಥವಾಗಿಲ್ಲ.

ನೆಲದ ಕೆಳಗಲ್ಲ, ಅಟ್ಟಣಿಗೆ ಮೇಲೆ

ಮೊದಲು ಆ ಹುಡುಗರ ವಿಷಯ. ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್ ಅಂತ 1947ರಲ್ಲಿ ಸೇರಿದ ಆರು ಜನ: ಸೋಜಾ, ರಜಾ, ಹುಸೇನ್, ಆರಾ, ಗಾಡೆ, ಬಾಕ್ರೆ. ಇವತ್ತು ಈ ಹೆಸರುಗಳನ್ನು ಹರಾಜಿನ ಸುದ್ದಿಯಲ್ಲಿ ಮಾತ್ರ ಕೇಳುತ್ತೇವೆ. 2025ರ ಮಾರ್ಚಿನಲ್ಲಿ ಹುಸೇನರ ಒಂದು ಚಿತ್ರ 118 ಕೋಟಿಗೆ ಹೋಯಿತು. ಆದರೆ ಆಗ? ಪಂಢರಪುರದಲ್ಲಿ ಹುಟ್ಟಿದ ಹುಸೇನ್ ಬೊಂಬಾಯಿಯಲ್ಲಿ ಸಿನಿಮಾ ಹೋರ್ಡಿಂಗ್ ಬರೆಯುತ್ತಿದ್ದರು. ಅಂಡರ್‌ಗ್ರೌಂಡ್ ಎಲ್ಲಿಂದ ಬಂತು, ಮನುಷ್ಯ ಇದ್ದದ್ದೇ ಬಿದಿರಿನ ಅಟ್ಟಣಿಗೆ ಮೇಲೆ! ರಜಾ ಅಚ್ಚಿನ ಬ್ಲಾಕ್ ಮಾಡುವ ಸ್ಟುಡಿಯೊ ಒಂದರಲ್ಲಿ ಸಂಬಳಕ್ಕಿದ್ದರು. ಗೋವಾದ ಸೋಜಾ ಅವರನ್ನು 1945ರಲ್ಲಿ ಬೊಂಬಾಯಿಯ ಕಲಾಶಾಲೆ ಜೆ.ಜೆ. ಸ್ಕೂಲಿನಿಂದ ಹೊರಗೆ ಹಾಕಿದ್ದರು, ರಾಜಕೀಯ ಮಾಡಿದ್ದಕ್ಕೆ. ಕಮ್ಯುನಿಸ್ಟರ ಜೊತೆ ಒಂದಷ್ಟು ದಿನ ಓಡಾಡಿದರು. ಆಮೇಲೆ ಬೆತ್ತಲೆ ಚಿತ್ರ ಬರೆದು ಪೊಲೀಸರನ್ನು ಮನೆಗೆ ಕರೆಸಿಕೊಂಡರು.

ನನಗೆ ಇವರಲ್ಲಿ ಜಾಸ್ತಿ ಹತ್ತಿರ ಅನ್ನಿಸುವುದು ಕೆ.ಎಚ್. ಆರಾ. ಸಿಕಂದರಾಬಾದ್ ಪಕ್ಕದ ಬೊಲಾರಂನಲ್ಲಿ 1914ರಲ್ಲಿ ಹುಟ್ಟಿ, ಏಳು ವರ್ಷಕ್ಕೇ ಮನೆ ಬಿಟ್ಟು ಬೊಂಬಾಯಿಗೆ ಓಡಿಬಂದವರು. ಕಾರು ತೊಳೆದರು, ಮನೆಗೆಲಸದ ಹುಡುಗನಾಗಿ ದುಡಿದರು, ಉಪ್ಪಿನ ಸತ್ಯಾಗ್ರಹಕ್ಕೆ ಹೋಗಿ ಜೈಲು ಕಂಡರು. ಚಿತ್ರ ಬರೆಯಲು ಯಾರೂ ಹೇಳಿಕೊಟ್ಟದ್ದಲ್ಲ, ಅವರೇ ಕಲಿತದ್ದು. ಸ್ಟಿಲ್ ಲೈಫ್ ಅಂತಾರಲ್ಲ, ಹೂದಾನಿ, ಹಣ್ಣು, ಮಡಕೆ, ಅದರಲ್ಲಿ ಅವರನ್ನು ಮೀರಿಸುವವರು ಆ ಗುಂಪಿನಲ್ಲಿ ಇರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಬೇರೆಯವರ ಮನೆಯ ಹೂದಾನಿಯನ್ನು ದಿನಾ ಒರೆಸಿದವರಿಗೆ ಅದರ ಹೊಟ್ಟೆ ಎಲ್ಲಿ ತಿರುಗುತ್ತದೆ ಅಂತ ಕೈಗೇ ಗೊತ್ತಿರುತ್ತದೆ. ಇದಕ್ಕೆ ಸಾಕ್ಷಿ ಕೇಳಬೇಡಿ, ಸುಮ್ನೆ ನನಗೆ ಹಾಗನ್ನಿಸುತ್ತದೆ.

ಗುಂಪಿನ ಮೊದಲ ಪ್ರದರ್ಶನ 1949ರ ಜುಲೈಯಲ್ಲಿ, ಕೋಟೆ ಭಾಗದ ರಾಂಪಾರ್ಟ್ ರೋ ಅನ್ನುವ ಬೀದಿಯಲ್ಲಿ, ಬಾಂಬೆ ಆರ್ಟ್ ಸೊಸೈಟಿಯ ಪ್ರದರ್ಶನದ ಹಾಲಿನಲ್ಲಿ ನಡೆಯಿತು. ಕಾದಂಬರಿಕಾರ ಮುಲ್ಕ್ ರಾಜ್ ಆನಂದ್ ಉದ್ಘಾಟನೆ ಮಾಡಿದರು. ಅದೇ ವರ್ಷ ಸೋಜಾ ಲಂಡನ್ನಿಗೆ ಹೊರಟುಹೋದರು. ಮರುವರ್ಷ ರಜಾ ಪ್ಯಾರಿಸ್ಸಿಗೆ. ಗುಂಪು ಕಟ್ಟಿದ್ದೇ ಚದುರುವುದಕ್ಕೆ ಅನ್ನುವ ಹಾಗೆ.

ಎಲ್ಲರೂ ‘ಜರ್ಮನ್’

ಬೊಂಬಾಯಿಯಲ್ಲಿ ಬಹಳ ವರ್ಷ ನಾವೆಲ್ಲ ಮದ್ರಾಸಿಗಳಾಗಿದ್ದೆವು. ಉಡುಪಿಯವರಾಗಲಿ, ಧಾರವಾಡದವರಾಗಲಿ, ಪಾಲಕ್ಕಾಡಿನವರಾಗಲಿ, ಲುಂಗಿ ಉಟ್ಟು ಸಾಂಬಾರು ಉಣ್ಣುವವನು ಮದ್ರಾಸಿ. ಈ ಸಿನಿಮಾದ ‘ಜರ್ಮನ್’ ಕೂಡ ಅಂಥದ್ದೇ ಒಂದು ಚೀಲ. ವಾಲ್ಟರ್ ಲಾಂಗ್‌ಹ್ಯಾಮರ್ ಆಸ್ಟ್ರಿಯಾದವರು. ಚಿತ್ರಕಾರ, ವಿಯೆನ್ನಾದಲ್ಲಿ ಪಾಠ ಮಾಡುತ್ತಿದ್ದವರು. ಹೆಂಡತಿ ಕೆಥೆ ಯಹೂದಿ. 1938ರ ಮಾರ್ಚಿನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ ಮೇಲೆ ಅವರಿಗೆ ಅಲ್ಲಿ ಜಾಗವಿರಲಿಲ್ಲ. ಬೊಂಬಾಯಿಗೆ ಬಂದು ಟೈಮ್ಸ್ ಆಫ್ ಇಂಡಿಯಾದಲ್ಲಿ ಕಲಾ ನಿರ್ದೇಶಕರಾದರು. ಇಮ್ಯಾನ್ಯುಯಲ್ ಶ್ಲೆಸಿಂಗರ್ ವಿಯೆನ್ನಾದ ಯಹೂದಿ ವ್ಯಾಪಾರಿ. ಅಲ್ಲಿ ಕೂಡಿಟ್ಟಿದ್ದ ಚಿತ್ರಗಳನ್ನೆಲ್ಲ ಕಳೆದುಕೊಂಡು ಬಂದವರು, ಇಲ್ಲಿ ಔಷಧಿ ತಯಾರಿಕೆ ಶುರುಮಾಡಿದರು. ಲೆಕ್ಕ ಹಾಕಿದರೆ ಈ ಮೂವರಲ್ಲಿ ಸರಿಯಾದ ಜರ್ಮನ್ ಅಂದರೆ ಬರ್ಲಿನ್ನಿನಲ್ಲಿ ಹುಟ್ಟಿದ ರೂಡಿ ಫಾನ್ ಲೈಡನ್ ಒಬ್ಬರೇ. ಓದಿದ್ದು ಭೂಗರ್ಭಶಾಸ್ತ್ರ. ಬೊಂಬಾಯಿಗೆ ಬಂದದ್ದು 1933ರಲ್ಲಿ. ಇಲ್ಲಿ ಮಾಡಿದ್ದು ಜಾಹೀರಾತು, ಕಾರ್ಟೂನು, ಪತ್ರಿಕೆಯಲ್ಲಿ ಕಲಾ ವಿಮರ್ಶೆ. (ಭೂಗರ್ಭಶಾಸ್ತ್ರಜ್ಞ! ಇಡೀ ಸಿನಿಮಾದಲ್ಲಿ ‘ಅಂಡರ್‌ಗ್ರೌಂಡ್’ ಅನ್ನುವ ಮಾತಿಗೆ ನ್ಯಾಯವಾಗಿ ಹಕ್ಕಿದ್ದವರು ಇವರೊಬ್ಬರೇ ಅಂತ ಗೆಳೆಯನಿಗೆ ಮೆಸೇಜ್ ಹಾಕಿದೆ. ಅವನೂ ನಗಲಿಲ್ಲ.)

ಇನ್ನೊಬ್ಬರನ್ನು ನೀವೆಲ್ಲ ಬಲ್ಲಿರಿ, ಹೆಸರು ಗೊತ್ತಿಲ್ಲದಿದ್ದರೂ. ಬೆಳಗಿನ ಜಾವ ರೇಡಿಯೊ ಹಾಕಿದರೆ ಮೊದಲು ಬರುವ ಆ ತಂಬೂರಿ, ಅದರ ಮೇಲೆ ಪಿಟೀಲು. ಆಕಾಶವಾಣಿಯ ಆ ರಾಗ ಮಾಡಿದವರು ವಾಲ್ಟರ್ ಕೌಫ್‌ಮನ್. ಇವತ್ತಿನ ಚೆಕ್ ದೇಶದ ಕಾರ್ಲ್ಸ್‌ಬಾಡಿನ ಯಹೂದಿ, ಜರ್ಮನ್ ಮನೆಮಾತಿನವರು. 1934ರಲ್ಲಿ ಬೊಂಬಾಯಿಗೆ ಬಂದು, ರೇಡಿಯೊದಲ್ಲಿ ಪಾಶ್ಚಾತ್ಯ ಸಂಗೀತದ ವಿಭಾಗ ನೋಡಿಕೊಂಡರು. ‘ಆಕಾಶವಾಣಿ’ ಅನ್ನುವ ಹೆಸರು ಮೈಸೂರಿನ ಗೋಪಾಲಸ್ವಾಮಿಯವರ ಖಾಸಗಿ ರೇಡಿಯೊದ್ದು, ಅದರ ರಾಗ ಊರು ಬಿಟ್ಟು ಬಂದ ಯಹೂದಿಯದ್ದು. ನಮ್ಮ ಅಜ್ಜಿ ಆ ರಾಗ ಕೇಳಿದರೆ ಕೈಯಲ್ಲಿದ್ದ ಪೊರಕೆ ಕೆಳಗಿಟ್ಟು ಕೈ ಮುಗಿಯುತ್ತಿದ್ದರು, ಅದೇನೋ ಸುಪ್ರಭಾತ ಅಂದುಕೊಂಡು.

ಬೊಂಬಾಯಿಗೆ ಬರುವುದೂ ಸುಲಭವಾಗಿರಲಿಲ್ಲ. ಈತ ಸರ್ಕಾರಕ್ಕೆ ಹೊರೆಯಾಗುವುದಿಲ್ಲ ಅಂತ ಇಲ್ಲಿ ಯಾರಾದರೂ ಗ್ಯಾರಂಟಿ ನಿಲ್ಲಬೇಕಿತ್ತು. 1934ರಲ್ಲೇ ಶುರುವಾಗಿದ್ದ ಇಲ್ಲಿನ ಯಹೂದಿ ಪರಿಹಾರ ಸಂಘ ಬಹಳ ಜನಕ್ಕೆ ಹಾಗೆ ನಿಂತಿತು. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾಯಿತು ನೋಡಿ, ಆಗ ಈ ಚೀಲದ ನಿಜವಾದ ತಮಾಷೆ ಬಯಲಾಯಿತು. ಜರ್ಮನ್ ಪಾಸ್‌ಪೋರ್ಟ್ ಇದ್ದವರೆಲ್ಲ ಬ್ರಿಟಿಷರಿಗೆ ಶತ್ರುಗಳೇ. ಹಿಟ್ಲರನಿಂದ ಓಡಿಬಂದ ಯಹೂದಿ ಗಂಡಸರನ್ನೂ, ಹಿಟ್ಲರನ ಪಾರ್ಟಿಯ ಕಾರ್ಡ್ ಇಟ್ಟುಕೊಂಡವರನ್ನೂ ಒಟ್ಟಿಗೆ ಹಿಡಿದು ಅಹ್ಮದ್‌ನಗರದ ಕ್ಯಾಂಪಿಗೆ ಹಾಕಿದರು. ಆಮೇಲೆ ವಿಚಾರಿಸಿ, ಒಬ್ಬೊಬ್ಬರನ್ನಾಗಿ ಬಿಟ್ಟರು. ಮಲಾಡಿನ ಬಾಂಬೆ ಟಾಕೀಸ್‌ನಲ್ಲಿ ‘ಅಛೂತ್ ಕನ್ಯಾ’ ನಿರ್ದೇಶಿಸಿದ ಫ್ರಾಂಜ್ ಓಸ್ಟನ್ 1936ರಲ್ಲೇ ನಾಜಿ ಪಾರ್ಟಿ ಸೇರಿದವರು. ಜಾತಿಪದ್ಧತಿ ವಿರುದ್ಧ ಸಿನಿಮಾ, ಜೇಬಿನಲ್ಲಿ ಆ ಪಾರ್ಟಿಯ ಸದಸ್ಯತ್ವ. ಅವರದೇ ಕ್ಯಾಮೆರಾಮನ್ ಜೋಸೆಫ್ ವಿರ್ಶಿಂಗ್ ಯುದ್ಧವೆಲ್ಲ ಕ್ಯಾಂಪಿನಲ್ಲಿ ಕಳೆದು, ಹೊರಗೆ ಬಂದು, ಮತ್ತೆ ಮಲಾಡಿಗೇ ಹೋಗಿ ‘ಮಹಲ್’ಗೆ ಕ್ಯಾಮೆರಾ ಹಿಡಿದರು. ಇನ್ನು ಪಾಲ್ ಝಿಲ್ಸ್ ಅಂತ ಒಬ್ಬರು. ಡಚ್ಚರು ಇಂಡೋನೇಷ್ಯಾದಲ್ಲಿ ಹಿಡಿದು ಭಾರತಕ್ಕೆ ಸಾಗಿಸಿದ ಕೈದಿ. ಯುದ್ಧ ಮುಗಿದ ಮೇಲೆ ಬೊಂಬಾಯಿಯಲ್ಲಿ ನಿಂತು ಡಾಕ್ಯುಮೆಂಟರಿ ಮಾಡಿದರು, ಡಾಕ್ಯುಮೆಂಟರಿಗೇ ಅಂತ ಒಂದು ಪತ್ರಿಕೆ ನಡೆಸಿದರು. ನೀನು ಇವತ್ತು ಮಾಡುತ್ತಿರುವ ಕಸುಬನ್ನು ಈ ಊರಿನಲ್ಲಿ ಬೆಳೆಸಿದವರಲ್ಲಿ ನಿನ್ನ ಸಿನಿಮಾದ ಪಾತ್ರವೇ ಒಬ್ಬ ಕಣೋ, ಅಂದೆ ಗೆಳೆಯನಿಗೆ. ಅದನ್ನು ಬರೆದುಕೊಂಡ.

ಬೆಂಗಳೂರಿನವರು ಇದೇನು ಬೊಂಬಾಯಿ ಕತೆ ಅಂತ ಆಕಳಿಸಬೇಡಿ. ಬರ್ಲಿನ್ನಿನಿಂದ ಓಡಿಬಂದ ಓಟೊ ಕೋನಿಗ್ಸ್‌ಬರ್ಗರ್ 1939ರಿಂದ ಮೈಸೂರು ಸಂಸ್ಥಾನದ ಸರ್ಕಾರಿ ವಾಸ್ತುಶಿಲ್ಪಿಯಾಗಿದ್ದರು. ಟಾಟಾ ಇನ್‌ಸ್ಟಿಟ್ಯೂಟಿನ ಒಳಗೆ ಅವರು ಕಟ್ಟಿಸಿದ ಕಟ್ಟಡಗಳ ಮುಂದೆ ನೀವು ಸೈಕಲ್ ನಿಲ್ಲಿಸಿರಬಹುದು.

ವಾಚ್‌ಮನ್ ಕೇಳಿದ ಪ್ರಶ್ನೆ

ಸಿನಿಮಾದ ಹೃದಯ ಅಂತ ಗೆಳೆಯ ಹೇಳುವುದು ನೇಪಿಯನ್ ಸೀ ರಸ್ತೆಯ ಭಾನುವಾರಗಳನ್ನು. ಲಾಂಗ್‌ಹ್ಯಾಮರ್ ದಂಪತಿಯ ಮನೆ ಅಲ್ಲಿತ್ತು. ಭಾನುವಾರ ಬಾಗಿಲು ತೆರೆದೇ ಇರುತ್ತಿತ್ತು. ಆರಾ, ರಜಾ, ಹುಸೇನ್ ಬರುತ್ತಿದ್ದರು. ಲೈಡನ್, ಶ್ಲೆಸಿಂಗರ್ ಬರುತ್ತಿದ್ದರು. ಮುಂದೆ ಕೆಮೋಲ್ಡ್ ಗ್ಯಾಲರಿ ಕಟ್ಟಿದ, ಆಗ ಫ್ರೇಮ್ ಅಂಗಡಿ ಇಟ್ಟಿದ್ದ ಪಾರ್ಸಿ ಹುಡುಗ ಕೇಕು ಗಾಂಧಿ ಬರುತ್ತಿದ್ದರು. ಯುರೋಪಿನ ಚಿತ್ರಗಳ ಪ್ರಿಂಟುಗಳನ್ನು ಹರಡಿಕೊಂಡು ಮಾತು. ಹುಡುಗರು ತಮ್ಮ ಚಿತ್ರ ತಂದರೆ ಅದನ್ನು ಗೋಡೆಗೆ ಒರಗಿಸಿ ಮಾತು.

ಕಳೆದ ಡಿಸೆಂಬರಿನಲ್ಲಿ ಒಂದು ಭಾನುವಾರ, ಬೇಕಂತಲೇ ಭಾನುವಾರ, ಗೆಳೆಯ ನನ್ನನ್ನೂ ಅಲ್ಲಿಗೆ ಎಳೆದುಕೊಂಡು ಹೋದ. ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಟ್ಯಾಕ್ಸಿ ಹಿಡಿದೆವು. ನೇಪಿಯನ್ ಸೀ ರಸ್ತೆಯ ಹೆಸರು ಈಗ ಬೇರೆ, ಟ್ಯಾಕ್ಸಿಯವರಿಗೆ ಮಾತ್ರ ಅದೇ. ಎಲ್ಲ ಕಡೆ ಎತ್ತರದ ಕಟ್ಟಡಗಳು. ಒಂದು ಗೇಟಿನ ಮುಂದೆ ಟ್ರೈಪಾಡ್ ಊರಿದ. ಇದೇ ಜಾಗ ಅಂತ ಅವನಿಗೂ ಖಾತ್ರಿ ಇರಲಿಲ್ಲ. ಐದು ನಿಮಿಷದಲ್ಲಿ ವಾಚ್‌ಮನ್ ಬಂದ. ಬಿಹಾರದ ಹುಡುಗ, ಟೋಪಿ ಅವನ ತಲೆಗಿಂತ ದೊಡ್ಡದು. ‘ಕಿಸ್ಸೆ ಮಿಲ್ನಾ ಹೈ?’ ಅಂದ.

ಯಾರನ್ನು ನೋಡಬೇಕು ಅಂತ ಹೇಳುವುದು? 1957ರಲ್ಲಿ ಮನೆ ಖಾಲಿ ಮಾಡಿ ಲಂಡನ್ನಿಗೆ ಹೋದವರನ್ನು. ಗೆಳೆಯ ಏನೋ ತೊದಲಿದ. ನಾನು ‘ಕೋಯಿ ನಹೀ’ ಅಂದೆ. ಕೋಯಿ ನಹೀ ಅಂದರೆ ಇಲ್ಲಿ ನಿಲ್ಲುವ ಹಾಗಿಲ್ಲ, ಅಂದ. ಅವನ ಡ್ಯೂಟಿ ಅದು. ಟ್ರೈಪಾಡ್ ಮಡಚಿ, ಎದುರು ಬದಿಯ ಫುಟ್‌ಪಾತಿನಲ್ಲಿ ಎಳನೀರು ಕುಡಿದು ಬಂದೆವು. ಸಿನಿಮಾದಲ್ಲಿ ಆ ಗೇಟು ಎರಡು ನಿಮಿಷ ಇದೆ. ಜಾಸ್ತಿಯಾಯಿತು. ಆ ಎರಡು ನಿಮಿಷದ ಮೇಲೆ ನಿರೂಪಣೆಯ ದನಿ ಹೇಳುತ್ತದೆ: ಇಲ್ಲಿ, ಈ ಮನೆಯಲ್ಲಿ, ಜರ್ಮನರು ಭಾರತದ ಹುಡುಗರಿಗೆ ಆಧುನಿಕ ಕಲೆಯನ್ನು ಕಲಿಸಿದರು.

ನಮ್ಮಿಬ್ಬರ ಜಗಳ ಶುರುವಾದದ್ದು ಈ ಸಾಲಿನಿಂದ. ಕಲಿಸಿದರು ಅನ್ನುವುದು ಅಷ್ಟು ಸಲೀಸಾ? ಬಣ್ಣ ಹೇಗೆ ಹಚ್ಚಬೇಕು ಅನ್ನುವುದರಲ್ಲಿ ಲಾಂಗ್‌ಹ್ಯಾಮರ್ ಅವರಿಂದ ಕಲಿತದ್ದನ್ನು ರಜಾ ಎಂದೂ ಮುಚ್ಚಿಟ್ಟವರಲ್ಲ. ಸರಿ. ಆದರೆ ಸೋಜಾ ಬೆಳೆದದ್ದು ಗೋವಾದ ಚರ್ಚಿನ ಬೊಂಬೆಗಳ ನಡುವೆ. 1948ರಲ್ಲಿ ಹುಸೇನ್ ದೆಹಲಿಗೆ ಹೋಗಿ ಗುಪ್ತರ ಕಾಲದ ಶಿಲ್ಪವನ್ನೂ ಹಿಮಾಲಯದ ತಪ್ಪಲಿನ ಬಸೋಲಿಯ ಚಿಕ್ಕ ಚಿತ್ರಗಳನ್ನೂ ನೋಡಿ ಬಂದ ಮೇಲೆ ಅವರ ಗೆರೆಯೇ ಬದಲಾಯಿತು. ಆರಾಗೆ ಯಾವ ಮೇಷ್ಟ್ರೂ ಬೇಕಿರಲಿಲ್ಲ. ಆ ಮನೆಯಲ್ಲಿ ಸಿಕ್ಕಿದ್ದು ಪಾಠಕ್ಕಿಂತ ಸಣ್ಣ ಸಂಗತಿಗಳು, ಅದಕ್ಕಿಂತ ಉಪಯೋಗದವು. ಶ್ಲೆಸಿಂಗರ್ ದುಡ್ಡು ಕೊಟ್ಟು ಚಿತ್ರ ಕೊಂಡರು. ಲೈಡನ್ ಪೇಪರಿನಲ್ಲಿ ಹೆಸರು ಹಾಕಿ ಬರೆದರು. ಲಾಂಗ್‌ಹ್ಯಾಮರ್ ಚಿತ್ರದ ಮುಂದೆ ಕೂತು, ಇಲ್ಲಿ ಕೆಟ್ಟಿದೆ ಅಂತ ಬೆರಳಿಟ್ಟು ತೋರಿಸಿದರು. ಗಂಭೀರವಾಗಿ ಬೈಯುವವರು ಸಿಗುವುದೂ ಒಂದು ಭಾಗ್ಯವೇ ಅಲ್ವಾ.

ಇನ್ನು ಅವರಿಗೇನು ಸಿಕ್ಕಿತು? ಇದನ್ನು ಸಿನಿಮಾ ಕೇಳುವುದೇ ಇಲ್ಲ. ಶ್ಲೆಸಿಂಗರ್ ವಿಯೆನ್ನಾದಲ್ಲಿ ಗೋಡೆ ತುಂಬ ಚಿತ್ರ ತೂಗುಹಾಕಿದ್ದವರು. ಬೊಂಬಾಯಿಯಲ್ಲಿ ಅವರ ಮುಂದೆ ಇದ್ದದ್ದು ಬೋಳು ಗೋಡೆ. ಮತ್ತೆ ಕೊಳ್ಳಲು ಶುರುಮಾಡಬೇಕಾದರೆ, ಆ ಊರಿನಲ್ಲಿ ಹೊಸದಾಗಿ ಬರೆಯುವವರು ಇರಬೇಕಿತ್ತು. ಬ್ರಿಟಿಷರ ಕ್ಲಬ್ಬಿನಲ್ಲಿ ಇವರು ಶತ್ರು ದೇಶದವರು, ಬಜಾರಿನಲ್ಲಿ ಬಿಳಿಯರು. ಭಾನುವಾರ ಬಾಗಿಲು ತೆರೆದಿಟ್ಟವರಿಗೂ ಯಾರಾದರೂ ಒಳಗೆ ಬರುವುದು ಬೇಕಾಗಿತ್ತು ಅಂತ ನನಗನ್ನಿಸುತ್ತದೆ. ದಾನ ಕೊಟ್ಟವರು, ತೆಗೆದುಕೊಂಡವರು ಅಂತ ಗೆರೆ ಎಳೆಯಲು ಆಗುವುದಿಲ್ಲ ಆ ಕೋಣೆಯಲ್ಲಿ.

ಗೆಳೆಯನ ಕತ್ತರಿಗೆ ಸಿಕ್ಕಿ ಹೊರಗೆ ಬಿದ್ದ ಒಬ್ಬರು ಇದ್ದಾರೆ. ಮಗ್ದಾ ನಾಖ್‌ಮನ್. ರಷ್ಯಾದ ಪೀಟರ್ಸ್‌ಬರ್ಗಿನವರು. ಮದ್ರಾಸಿನ ಎಂ.ಪಿ.ಟಿ. ಆಚಾರ್ಯ ಅನ್ನುವ ಕ್ರಾಂತಿಕಾರಿಯನ್ನು ಮದುವೆಯಾದರು. ಇಬ್ಬರೂ 1920ರ ದಶಕದಲ್ಲಿ ಬರ್ಲಿನ್ನಿಗೆ ಹೋದರು. ಹಿಟ್ಲರ್ ಬಂದ ಮೇಲೆ ಅಲ್ಲಿಂದಲೂ ಹೊರಟು ಕೊನೆಗೆ ಬೊಂಬಾಯಿ ಸೇರಿದರು. ಗಂಡನಿಗೆ ಅದು ಸ್ವದೇಶ ಅಂತ ಹೆಸರಿಗೆ, ಕೈಯಲ್ಲಿ ಕಾಸಿಲ್ಲ. ಮಗ್ದಾ ಚಿತ್ರ ಬರೆದು ಸಂಸಾರ ತೂಗಿಸಿದರು. 1951ರ ಫೆಬ್ರವರಿ 12ರಂದು ಅವರ ಚಿತ್ರಗಳ ಪ್ರದರ್ಶನ ಶುರುವಾಗಬೇಕಿತ್ತು. ಅದಕ್ಕೆ ಕೆಲವೇ ಗಂಟೆ ಮೊದಲು ತೀರಿಕೊಂಡರು. ಮೂರು ವರ್ಷದ ಮೇಲೆ ಆಚಾರ್ಯರೂ ಬಡತನದಲ್ಲೇ ಹೋದರು. ಇವರನ್ನು ಯಾಕೆ ತೆಗೆದೆ ಅಂದರೆ, ಆಕೆ ಜರ್ಮನ್ ಅಲ್ಲವಲ್ಲ ಮಾರಾಯ, ಅನ್ನುತ್ತಾನೆ. ಲಾಂಗ್‌ಹ್ಯಾಮರ್ ಮಾತ್ರ ಜರ್ಮನ್ನಾ? ಅದಕ್ಕೆ ಉತ್ತರ ಬರಲಿಲ್ಲ.

ಅದೇ ಗೆಳೆಯ ಕನ್ನಡ ಪ್ರತಿಗೆ ಅಂತ ಹೆಬ್ಬಾರರನ್ನು ಎರಡು ನಿಮಿಷ ಸೇರಿಸಲು ತಯಾರಿದ್ದ. ಉಡುಪಿ ಹತ್ತಿರದ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರ್ ಅದೇ ಊರಿನಲ್ಲಿ, ಅದೇ ಕಾಲದಲ್ಲಿ ಇದ್ದವರು, ಜೆ.ಜೆ. ಸ್ಕೂಲಿನಲ್ಲಿ ಪಾಠ ಮಾಡಿದವರು. ಈ ಗುಂಪಿಗೆ ಸೇರಿದವರಲ್ಲ. ನಮ್ಮವರು ಅನ್ನುವ ಒಂದೇ ಕಾರಣಕ್ಕೆ ತುರುಕಬೇಡ ಅಂದೆ. ನಮ್ಮ ನಂಟೇ ಬೇಕಾದರೆ ಲೈಡನ್ ಅವರ ಕೊನೆಗಾಲ ನೋಡು. ಆ ಮನುಷ್ಯ ಕಡೆಗೆ ಹಿಡಿದದ್ದು ಇಸ್ಪೀಟಿನ ಹುಚ್ಚು! ಗಂಜೀಫಾ ಅನ್ನುವ, ಕೈಯಲ್ಲಿ ಚಿತ್ರ ಬರೆದ ಹಳೆಯ ಕಾಲದ ಇಸ್ಪೀಟು ಎಲೆಗಳನ್ನು ದೇಶವೆಲ್ಲ ಸುತ್ತಿ ಕೂಡಿಸಿದರು. ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಆಟ ಕಟ್ಟಿ ಬರೆಸಿದ ಮೈಸೂರಿನ ‘ಛದ’ ಅನ್ನುವ ಇಸ್ಪೀಟು ಎಲೆಗಳ ಮೇಲೆ ಒಂದು ಪುಸ್ತಕವನ್ನೇ ಬರೆದರು. ಅಂಗೈಯಷ್ಟೂ ಇಲ್ಲದ ಎಲೆಯಲ್ಲಿ ದೇವರು, ವಾಹನ, ಅಂಚಿಗೆ ಬಳ್ಳಿ. ಬರ್ಲಿನ್ನಿನಲ್ಲಿ ಹುಟ್ಟಿ, ಕಲ್ಲು ಓದಿ ಬಂದವರು ಮುಮ್ಮಡಿಯವರ ಇಸ್ಪೀಟಿಗೆ ಬಂದು ನಿಂತರು. ಸಿನಿಮಾದಲ್ಲಿ ಇದಕ್ಕೆ ನಲವತ್ತು ಸೆಕೆಂಡು. ಗೇಟಿಗೆ ಎರಡು ನಿಮಿಷ.

ಹನ್ನೆರಡು ಕಪ್

ಈಗ ನನ್ನ ದೊಡ್ಡಪ್ಪನ ವಿಷಯಕ್ಕೆ ಬರಬೇಕು. ಅವರಿಗೆ ಎಂಬತ್ತೆಂಟು. ಡೊಂಬಿವಿಲಿಯಲ್ಲಿ ಒಂದು ಕೋಣೆ, ಅಡುಗೆಮನೆ. 1949ರಲ್ಲಿ, ಹನ್ನೆರಡನೇ ವಯಸ್ಸಿಗೆ, ಮಳೆ ಹಿಡಿಯುವುದಕ್ಕೆ ಮೊದಲಿನ ಹಡಗಿನಲ್ಲಿ ಮಂಗಳೂರಿನಿಂದ ಬೊಂಬಾಯಿಗೆ ಬಂದವರು. ಊರಿನ ಪರಿಚಯದವರೊಬ್ಬರು ಹೇಳಿದ್ದಕ್ಕೆ ಕೋಟೆ ಭಾಗದ ಒಂದು ಹೋಟೆಲಿನಲ್ಲಿ ಸೇರಿಸಿಕೊಂಡರು. ಹಾಗೆ ಯಾರೂ ಹೇಳದಿದ್ದರೆ ಯಾವ ಧಣಿಯೂ ಹುಡುಗನನ್ನು ಒಳಗೆ ಬಿಡುತ್ತಿರಲಿಲ್ಲವಂತೆ. ಗ್ಯಾರಂಟಿ ಅಂದೆನಲ್ಲ, ಅದೇ. ಹಗಲೆಲ್ಲ ಕಪ್ಪು ಬಸಿ ತೊಳೆಯುವುದು, ಹೊರಗಿನ ಆರ್ಡರಿಗೆ ಚಾ ಒಯ್ಯುವುದು. ರಾತ್ರಿ ಕನ್ನಡ ರಾತ್ರಿಶಾಲೆ. ಮಲಗುವುದು ಹೋಟೆಲಿನ ಬೆಂಚಿನ ಮೇಲೆ.

ಅವರು ಚಾ ಒಯ್ಯುತ್ತಿದ್ದ ದಾರಿಯಲ್ಲಿ ರಾಂಪಾರ್ಟ್ ರೋ ಇತ್ತು ಅಂತ ನಾನು ಬಾಯಿ ತಪ್ಪಿ ಹೇಳಿದ್ದೇ ತಪ್ಪಾಯಿತು. ಗೆಳೆಯನಿಗೆ ರೋಮಾಂಚನ. ಮರುವಾರವೇ ಕ್ಯಾಮೆರಾ, ಲೈಟು, ಇಬ್ಬರು ಹುಡುಗರನ್ನು ಕಟ್ಟಿಕೊಂಡು ಡೊಂಬಿವಿಲಿಗೆ ಬಂದ. ದೊಡ್ಡಮ್ಮ ಹೋದ ಮೇಲೆ ದೊಡ್ಡಪ್ಪನಿಗೆ ಯಾರಾದರೂ ಬಂದರೆ ಸಾಕು. ಇಸ್ತ್ರಿ ಮಾಡಿದ ಶರ್ಟು ಹಾಕಿ ಕೂತಿದ್ದರು. ಗೆಳೆಯ ಒಂದೊಂದೇ ಹೆಸರು ಹೇಳಿದ. ಹುಸೇನ್? ‘ಅವರು ಬರಿಗಾಲಿನವರಲ್ವಾ, ಟೀವಿಯಲ್ಲಿ ನೋಡಿದ್ದೇನೆ.’ ಆರಾ? ಸೋಜಾ? ತಲೆಯಾಡಿಸಿದರು. ಲಾಂಗ್‌ಹ್ಯಾಮರ್? ‘ನಂಗೆಂತ ಗೊತ್ತು ಮಾರಾಯ್ರೆ? ಚಾ ಕೊಡುದು, ಬರುದು.’

ಆಮೇಲೆ ಅವರಾಗಿಯೇ ಒಂದು ವಿಷಯ ಹೇಳಿದರು. ಆ ಬೀದಿಯಲ್ಲಿ ಚಿತ್ರ ನೇತುಹಾಕುವ ಒಂದು ಹಾಲ್ ಇತ್ತು. ಒಳಗೆ ಹತ್ತು ಹನ್ನೆರಡು ಜನ, ಅದರಲ್ಲಿ ಬಿಳಿಯರೂ ಇದ್ದರು. ‘ಗೋಡೆಯಲ್ಲಿ ಬಟ್ಟೆ ಇಲ್ಲದ ಹೆಂಗಸಿನ ಪಟ ಇತ್ತು. ನಾನು ಕೆಳಗೆ ನೋಡಿಕೊಂಡೇ ಚಾ ಕೊಟ್ಟೆ. ಹನ್ನೆರಡು ಕಪ್ ಕೊಟ್ಟದ್ದು. ವಾಪಸು ಎಣಿಸಿದರೆ ಹನ್ನೊಂದೇ ಉಂಟು. ಹುಡುಕಿದೆ. ಮೂಲೆಯಲ್ಲಿ ಇತ್ತು, ಅದರಲ್ಲಿ ಬ್ರಷ್ಷು ಅದ್ದಿ ಇಟ್ಟಿದ್ರು. ಒಳಗೆಲ್ಲ ನೀಲಿ. ಎಷ್ಟು ತಿಕ್ಕಿದರೂ ಹೋಗ್ಲಿಲ್ಲ. ಧಣಿಗಳು ಅದರ ದುಡ್ಡು ನನ್ನ ಸಂಬಳದಲ್ಲಿ ಹಿಡಿದ್ರು.’ ಧಣಿಗೆ ವಿಷಯ ಹೇಳಲಿಲ್ವಾ ದೊಡ್ಡಪ್ಪ, ಅಂದೆ. ‘ಯಾರ ಹತ್ರ ಹೇಳುದು? ಆಗ ನಾನು ಪರದೇಶಿ ಅಲ್ವಾ ಮಗಾ.’

ಗೆಳೆಯನ ಕಣ್ಣು ಹೊಳೆಯಿತು. ಮುಂದಕ್ಕೆ ಬಾಗಿ, ‘ಅದು ನೀವು ಬಂದ ವರ್ಷವೇ ಅಲ್ವಾ ಅಜ್ಜ? ಜುಲೈ ತಿಂಗಳು? ಮಳೆ ಬರ್ತಿತ್ತಾ?’ ಅಂದ. ದೊಡ್ಡಪ್ಪ ಅವನ ಮುಖ ನೋಡಿದರು. ಬಂದವರನ್ನು ಬೇಸರ ಮಾಡಿ ಕಳಿಸುವ ಅಭ್ಯಾಸ ಅವರಿಗಿಲ್ಲ. ‘ಇರಬಹುದು,’ ಅಂದರು. ಮಳೆ? ‘ಇದ್ದೀತು.’ ಇನ್ನೆರಡು ಪ್ರಶ್ನೆ ಕೇಳಿದ್ದರೆ ಆ ಬ್ರಷ್ಷು ಸೋಜಾ ಅವರದ್ದೇ ಆಗಿಬಿಡುತ್ತಿತ್ತು, ಆ ಕಪ್ಪಿಗೂ ಹರಾಜಿನಲ್ಲಿ ಒಂದು ಬೆಲೆ. ನಾನು ಕ್ಯಾಮೆರಾ ನಿಲ್ಲಿಸು ಅಂದೆ. ದೊಡ್ಡಪ್ಪ ಆ ಹೋಟೆಲಿನಲ್ಲಿ ಆರು ವರ್ಷ ಇದ್ದವರು. ಅದು 49 ಆಗಿರಬಹುದು, 53 ಆಗಿರಬಹುದು. ಬಿಳಿಯರು ಯಾರೂ ಆಗಿರಬಹುದು. ಅವರಿಗೆ ಖಚಿತವಾಗಿ ನೆನಪಿರುವುದು ಎರಡೇ: ಕಪ್ಪಿನ ಲೆಕ್ಕ, ಮತ್ತು ಆ ನೀಲಿ.

ವಾಪಸು ಬರುವಾಗ ಲೋಕಲ್ ಟ್ರೇನಿನಲ್ಲಿ ಗೆಳೆಯ ಮಾತಾಡಲಿಲ್ಲ. ನನ್ನ ತಲೆಯಲ್ಲಿ ಆ ಶಬ್ದ ತಿರುಗುತ್ತಿತ್ತು. ಪರದೇಶಿ. ಬೇರೆ ದೇಶದವನು ಅಂತಲೂ ಹೌದು. ದಿಕ್ಕಿಲ್ಲದವನು, ಕೇಳುವವರಿಲ್ಲದವನು ಅಂತಲೂ ಹೌದು. ನಮ್ಮ ಅಮ್ಮ ಊಟಕ್ಕೆ ತಡವಾಗಿ ಬಂದರೆ ‘ಪರದೇಶಿ ಹಾಗೆ ಎಲ್ಲಿ ತಿರುಗ್ತಿದ್ದೆ’ ಅಂತ ಬೈಯುತ್ತಿದ್ದದ್ದು ಇದೇ ಶಬ್ದದಲ್ಲಿ. ಎರಡು ತಿಂಗಳು ನಿಘಂಟು ತಿರುಗಿಸಿದೆ, ಬೈಗುಳದ ಕಡೆ ನೋಡಿರಲಿಲ್ಲ.

ಕನ್ನಡ ನಿರೂಪಣೆಯ ಮೊದಲ ಪುಟ ಆ ರಾತ್ರಿಯೇ ಬರೆದು ಕಳಿಸಿದೆ. ಭೂಗತ ಇಲ್ಲ. ವಲಸಿಗ ಇಲ್ಲ. ‘ಬೊಂಬಾಯಿಗೆ ಆಗ ಎರಡು ಥರದ ಪರದೇಶಿಗಳು ಬರುತ್ತಿದ್ದರು’ ಅಂತ ಶುರು. ಬೊಲಾರಂನಿಂದ ಓಡಿಬಂದ ಆರಾ ಕೂಡ ಅದರಲ್ಲಿದ್ದಾರೆ, ವಿಯೆನ್ನಾದ ಶ್ಲೆಸಿಂಗರ್ ಕೂಡ. ಮಗ್ದಾ ಅವರನ್ನೂ ತಂದು ಕೂರಿಸಿದ್ದೇನೆ, ಗೆಳೆಯ ತೆಗೆದರೆ ತೆಗೆಯಲಿ. 2006ರಲ್ಲಿ ದೇಶ ಬಿಟ್ಟು, ಕತಾರಿನ ಪ್ರಜೆಯಾಗಿ, 2011ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ ಹುಸೇನ್ ಅವರಿಗೆ ಕೊನೆಯ ಭಾಗದಲ್ಲಿ ಅದೇ ಶಬ್ದ ಹಾಕಿದ್ದೇನೆ. ಬೆಳಿಗ್ಗೆ ಉತ್ತರ ಬಂತು: ‘ಪರದೇಶಿ ಅಂದ್ರೆ ಫಾರಿನರ್ ಅಲ್ವಾ? ಆರಾ ಹೇಗೆ ಪರದೇಶಿ? ಸ್ವಲ್ಪ ಡೀಸೆಂಟ್ ವರ್ಡ್ ಹುಡುಕು.’ ಹುಡುಕುವುದಿಲ್ಲ ಅಂದೆ. ಈಗ ಮೂರು ವಾರದಿಂದ ಅವನು ಮದುವೆ ವಿಡಿಯೊದಲ್ಲಿ ಬ್ಯುಸಿ.

ದೊಡ್ಡಪ್ಪನ ಭಾಗ ಸಿನಿಮಾದಲ್ಲಿ ಉಳಿಯುವುದು ಡೌಟು. ಯಾರನ್ನೂ ಹೆಸರಿಟ್ಟು ಗುರುತಿಸುವುದಿಲ್ಲವಲ್ಲ, ಏನು ಮಾಡಲಿ, ಅನ್ನುತ್ತಾನೆ. ಅವನು ಕಳಿಸಿದ ಫೈಲಿನಲ್ಲಿ ಮಾತ್ರ ಪೂರ್ತಿ ಇದೆ. ಕೊನೆಗೆ ಲೈಟು ಆರಿಸಿದ ಮೇಲೂ ದೊಡ್ಡಪ್ಪನ ಕಾಲರಿನ ಮೈಕು ತೆಗೆಯಲು ಮರೆತಿದ್ದರು. ಚಿತ್ರ ಕಪ್ಪು, ದನಿ ಮಾತ್ರ. ಹುಡುಗರು ಕುಡಿದಿಟ್ಟ ಕಪ್ಪುಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗುತ್ತಾರೆ, ನಲ್ಲಿ ಬಿಡುತ್ತಾರೆ, ತುಳುವಿನಲ್ಲಿ ಎಣಿಸುತ್ತಾರೆ. ಒಂಜಿ, ರಡ್ಡ್, ಮೂಜಿ, ನಾಲ್. ನಿಲ್ಲಿಸುತ್ತಾರೆ. ಮತ್ತೆ ಮೊದಲಿನಿಂದ. ನನ್ನ ಕಪ್ಪು ಇನ್ನೂ ನನ್ನ ಕೈಯಲ್ಲೇ ಇತ್ತು. ಆ ಎಣಿಕೆಗೂ ನಾನು ಕನ್ನಡ ಸಬ್‌ಟೈಟಲ್ ಹಾಕಿ ಕಳಿಸಿದ್ದೇನೆ.